ಬಂಪರಿನ ಎಡಮೂಲೆ

ಬೀದಿಗೆಲ್ಲ ಅವನು ಮಸಿ ಮೇಸ್ತ್ರಿ. ಉಗುರಿನ ಸಂದಿಯಲ್ಲಿ, ಅಂಗೈಯ ಗೆರೆಗಳಲ್ಲಿ, ಒಮ್ಮೊಮ್ಮೆ ಮೂಗಿನ ತುದಿಯಲ್ಲೂ ಕರಿ ಅಂಟಿಸಿಕೊಂಡೇ ಓಡಾಡುವ ಮನುಷ್ಯನಿಗೆ ಬೇರೆ ಯಾವ ಹೆಸರು ತಾನೇ ಬಿದ್ದೀತು? ಕಾರಿನ ಮೈಗೆ ಬಣ್ಣ ಹೊಡೆಯುವವರು ಬೇರೆ, ತಗ್ಗು ಬಿದ್ದ ತಗಡು ಎತ್ತುವವರು ಬೇರೆ, ಇಂಜಿನ್ನಿಗೆ ಕೈ ಹಾಕುವವರು ಬೇರೆ. ಇವನದು ಅವರು ಯಾರೂ ಕಣ್ಣೆತ್ತಿಯೂ ನೋಡದ ಕೆಲಸ. ಕಾರಿನ ಹೊರಗಡೆ ಕಪ್ಪು ಪ್ಲಾಸ್ಟಿಕ್ ಇರುತ್ತದಲ್ಲ, ಬಂಪರು, ಚಕ್ರದ ಮೇಲಿನ ಕಮಾನು, ಬಾಗಿಲ ಕೆಳಗಿನ ಪಟ್ಟಿ, ಕನ್ನಡಿಯ ಗೂಡು, ಅದೆಲ್ಲ ಬಿಸಿಲು ತಿಂದೂ ತಿಂದೂ ಬೂದಿ ಬಣ್ಣಕ್ಕೆ ತಿರುಗಿದಾಗ ಮತ್ತೆ ಕಪ್ಪಗೆ ಮಾಡಿಕೊಡುವುದು ಅವನ ಕಸುಬು. ಇದೂ ಒಂದು ಕೆಲಸವಾ ಎಂದು ಮೂಗು ಮುರಿಯುವವರು ತಮ್ಮ ಕಾರನ್ನು ಅವನ ಹತ್ತಿರ ಅರ್ಧ ದಿನ ಬಿಟ್ಟು ಹೋಗಿ, ಸಂಜೆ ಬಂದು, ಇದು ನಮ್ಮದೇ ಗಾಡಿಯಾ ಎಂದು ಸುತ್ತು ಹಾಕಿ ನೋಡುತ್ತಿದ್ದರು.

ಕೈ ಎಷ್ಟು ಚೆನ್ನೋ ಬಾಯಿ ಅಷ್ಟೇ ಖಾರ. ಕೋಪ ಸದಾ ಮೂಗಿನ ಮೇಲೆ. ಅದಕ್ಕೆ ಕಾರಣವೂ ಇತ್ತೆನ್ನಿ. ಜನ ಆ ಪಾಪದ ಪ್ಲಾಸ್ಟಿಕ್ಕಿಗೆ ಏನೇನು ಬಳಿದು ತರುತ್ತಿದ್ದರು ಎಂದರೆ ನಗಬೇಕೋ ಅಳಬೇಕೋ ತಿಳಿಯದು. ಒಬ್ಬ ಅಡುಗೆ ಎಣ್ಣೆ ಸವರಿ, ಊರಿನ ಧೂಳನ್ನೆಲ್ಲ ಬಂಪರಿಗೆ ಅಂಟಿಸಿಕೊಂಡು ಬಂದಿದ್ದ. ಒಬ್ಬ ಬೂಟ್ ಪಾಲಿಶ್ ಉಜ್ಜಿದ್ದ. ಒಂದು ಮಳೆಗೆ ಅದೆಲ್ಲ ಬಾಗಿಲ ಮೇಲೆ ಇಳಿದಿತ್ತು. ಇನ್ನೊಬ್ಬ ಮಹಾನುಭಾವ ತನ್ನ ತಲೆಗೂದಲಿಗೆ ಹಚ್ಚಿ ಮಿಕ್ಕ ಬಣ್ಣವನ್ನು ಕನ್ನಡಿಯ ಗೂಡಿಗೂ ಹಚ್ಚಿ, "ಎರಡೂ ಒಂದೇ ಸಲ ಬೆಳ್ಳಗಾಯ್ತು ಮೇಸ್ತ್ರಿ" ಎಂದು ನಿಂತಿದ್ದ. ಇಂಥವರಿಗೆಲ್ಲ ಮೇಸ್ತ್ರಿಯ ಒಂದು ಪಾಠವಿತ್ತು. ಬೀದಿಯ ನಾಯಿಗೂ ಅದು ಬಾಯಿಪಾಠವಾಗಿತ್ತೇನೋ.

"ಹಚ್ಚೋದು ಕೊನೇ ಕೆಲಸ ಸ್ವಾಮಿ, ಹಚ್ಚೋದು ಯಾರು ಬೇಕಾದ್ರೂ ಹಚ್ತಾರೆ. ಮೊದ್ಲು ತೊಳೀಬೇಕು. ತೊಳೆದ್ಮೇಲೆ ಒರೆಸ್ಬೇಕು. ಒರೆಸಿದ್ದು ಸಾಕು ಅನ್ನಿಸ್ತಲ್ಲ, ಆಗ ಇನ್ನೊಂದ್ಸಲ ಒರೆಸ್ಬೇಕು. ಬಟ್ಟೆ ಬೆಳ್ಳಗೆ ಬರೋವರ್ಗೂ ಬಿಡ್ಬಾರ್ದು. ಇಲ್ನೋಡಿ!" ಎಂದು ಕೈಯಲ್ಲಿದ್ದ ಬಟ್ಟೆಯನ್ನು ಮಗುಚಿ, ಅದಕ್ಕೆ ಅಂಟಿದ ಕೊಳೆಯನ್ನು ಅವರ ಮೂಗಿನ ಹತ್ತಿರ ಹಿಡಿಯುತ್ತಿದ್ದ. ಬಾಯಿ ಇದನ್ನು ಹೇಳುತ್ತಿರುವಾಗ ಕೈ ಎದುರಿಗಿದ್ದ ಪ್ಲಾಸ್ಟಿಕ್ಕಿನ ಮೇಲೆ ಅದನ್ನೇ ಮಾಡಿ ತೋರಿಸುತ್ತಿತ್ತು. ಇಪ್ಪತ್ತೆಂಟು ವರ್ಷಗಳಲ್ಲಿ ಎಷ್ಟು ಸಾವಿರ ಸಲ ಹೇಳಿದ್ದನೋ, ಹೇಳಿದಷ್ಟು ಸಲವೂ ಒರೆಸಿದ್ದ.

ಇಂಥವನ ಸ್ವಂತ ಕಾರು ಮಾತ್ರ ಬೂದಿ ಬಳಿದುಕೊಂಡ ಹಾಗಿತ್ತು. ತಿಳಿನೀಲಿ ಬಣ್ಣದ ಹಳೆಯ ಪುಟ್ಟ ಕಾರು. ಅಂಗಡಿಯ ಹಿಂಬದಿಯಲ್ಲಿ, ತಗಡಿನ ಮಾಡಿನ ಕೆಳಗೆ, ಬಿಸಿಲು ಬೀಳದ ಕಡೆಗೆ ಬೆನ್ನು ತಿರುಗಿಸಿ ನಿಂತಿರುತ್ತಿತ್ತು. ಓಡಿಸುವುದು ಅಪರೂಪ. ಅದರ ಹಿಂದಿನ ಬಂಪರಂತೂ ಒಲೆಯಿಂದ ತೆಗೆದ ಬೂದಿಯ ಬಣ್ಣ. ಪಕ್ಕದ ಅಂಗಡಿಯಲ್ಲಿ ತಗಡು ಎತ್ತುವ ಟಿಂಕರ್ ಅದನ್ನು ಕಂಡಾಗಲೆಲ್ಲ ರೇಗಿಸುತ್ತಿದ್ದ.

"ಊರಿನ ಕಾರಿಗೆಲ್ಲ ಮಸಿ ಬಳೀತೀಯ, ನಿನ್ನ ಕಾರಿಗೆ ಬಳಿಯೋಕೆ ಏನು ರೋಗ?"

"ನಿನ್ನ ಬಾಯಿಗೆ ಮೊದ್ಲು ಬಳೀತೀನಿ, ಆಮೇಲೆ ಕಾರು" ಎಂದು ಮೇಸ್ತ್ರಿ ಅಲ್ಲಿಗೇ ಮಾತು ಮುಗಿಸುತ್ತಿದ್ದ. ಟಿಂಕರ್ ಆ ಬೀದಿಗೆ ಬಂದು ಐದಾರು ವರ್ಷವಾಗಿತ್ತಷ್ಟೆ. ಗೊತ್ತಿದ್ದವರು ಕೇಳುತ್ತಿರಲಿಲ್ಲ.

ಆ ಬಂಪರಿನ ಎಡಮೂಲೆಯಲ್ಲಿ, ನೆಲದಿಂದ ಎರಡಡಿ ಎತ್ತರದಲ್ಲಿ, ಒಂದು ಪುಟ್ಟ ಕೈ ಇತ್ತು. ಬೂದಿಯ ಮೇಲೆ ಕಪ್ಪು ಅಂಗೈ. ಮೂರು ಬೆರಳು ಸರಿಯಾಗಿ ಬಿದ್ದಿದ್ದವು. ಕಿರುಬೆರಳು ತುದಿಯಷ್ಟೇ ತಾಗಿತ್ತು. ಹೆಬ್ಬೆರಳಿನ ಗುರುತು ಪಕ್ಕಕ್ಕೆ ಎಳೆದುಕೊಂಡು ಹೋಗಿತ್ತು.

ಮೇಸ್ತ್ರಿಗೂ ಅವನ ಹೆಂಡತಿಗೂ ಒಬ್ಬಳು ಮಗಳಿದ್ದಳು. ಮನೆಯಲ್ಲಿ, ಬೀದಿಯಲ್ಲಿ ಎಲ್ಲ ಕಡೆ ಅವಳನ್ನು ಕರೆಯುತ್ತಿದ್ದದ್ದು ಚಿನಕುರುಳಿ ಎಂದು. ಆರು ವರ್ಷ. ಒಂದು ಕಡೆ ಕೂತಳು ಎಂದರೆ ಜ್ವರ ಬಂದಿದೆ ಎಂದೇ ಅರ್ಥ. ಹನ್ನೊಂದು ವರ್ಷದ ಹಿಂದೆ ಒಂದು ರಜದ ದಿನ, ಮೇಸ್ತ್ರಿಗೆ ಅದೇನು ಹುಮ್ಮಸ್ಸು ಬಂತೋ, ಇವತ್ತು ನಮ್ಮ ಕಾರೂ ಹೊಸದಾಗಿಬಿಡಲಿ ಎಂದು ಬೇಸಿನ್ನಿನಲ್ಲಿ ಮಸಿ ಕಲಸಿಕೊಂಡು ಕೂತ. ಆಗೆಲ್ಲ ಈಗಿನ ಹಾಗೆ ಬಾಟಲಿಯಲ್ಲಿ ಬರುತ್ತಿರಲಿಲ್ಲ. ಕಪ್ಪು ಪುಡಿ, ಎಣ್ಣೆ, ಸ್ಪಿರಿಟ್ ಎಲ್ಲ ಅವನೇ ಬೆರೆಸುತ್ತಿದ್ದ. ಮುಂದಿನ ಬಂಪರನ್ನು ತೊಳೆಯುತ್ತಿದ್ದಾಗ ಹಿಂದಿನಿಂದ ಕೂಗು ಬಂತು. "ಅಪ್ಪಾ, ನಾನೂ ಹಚ್ಚಿದೆ!"

ಹೋಗಿ ನೋಡಿದರೆ ಮೊಣಕೈವರೆಗೆ ಮಸಿ, ಹೊಸ ಅಂಗಿಯ ತುಂಬ ಮಸಿ, ಬಂಪರಿನ ಮೇಲೆ ಅವಳ ಕೈ ಊರಿಕೊಂಡೇ ಇತ್ತು. "ಏಯ್ ಕೋತಿ! ತೊಳೀದೇ ಹಚ್ತಾರೇನೇ?" ಎಂದು ರಟ್ಟೆ ಹಿಡಿದು ಎಳೆದ. ಹೆಬ್ಬೆರಳಿನ ಗುರುತು ಎಳೆದುಕೊಂಡು ಹೋದದ್ದು ಹಾಗೆ. ನಲ್ಲಿಯ ಕೆಳಗೆ ನಿಲ್ಲಿಸಿ, ಗ್ಯಾರೇಜಿನ ಮರಳು ಸೋಪಿನಿಂದ ಆ ಎಳೆ ಕೈಯನ್ನು ಉಜ್ಜಿದ. ಅವಳು ಅತ್ತಳು. ಅಳುತ್ತಲೇ, "ನಾನೂ ಕೆಲ್ಸ ಮಾಡ್ದೆ ತಾನೆ" ಎಂದಳು. ಅಷ್ಟರಲ್ಲಿ ಯಾರೋ ಗಿರಾಕಿ ಬಂದ, ಕೆಲಸ ಅಲ್ಲಿಗೇ ನಿಂತಿತು. ಅದನ್ನು ನಾಳೆ ಒರೆಸಿದರಾಯಿತು ಎಂದುಕೊಂಡ.

ಒಂಬತ್ತು ದಿನಕ್ಕೆ ಜ್ವರ ಬಂತು. ಹನ್ನೆರಡನೆಯ ದಿನ ಮಗು ಇರಲಿಲ್ಲ. ಆಸ್ಪತ್ರೆಯ ಡಾಕ್ಟರು ಯಾವುದೋ ಹೆಸರು ಹೇಳಿದರು, ಮೇಸ್ತ್ರಿಯ ಕಿವಿಗೆ ಅದು ಬೀಳಲೇ ಇಲ್ಲ. ಆ ಸಂಕಟವನ್ನು ಬಿಡಿಸಿ ಹೇಳುವುದು ಬೇಡ. ಹೆತ್ತವರಿಗೆ ಗೊತ್ತಿರುತ್ತದೆ. ಆದರೆ ಒಂದು ಮಾತು ಅವನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತು. ಮಗಳ ಕೈಯನ್ನು ಕೊನೆಯ ಸಲ ಗಟ್ಟಿಯಾಗಿ ಹಿಡಿದದ್ದು ಮುದ್ದಿಗಲ್ಲ, ಮರಳು ಸೋಪಿನಿಂದ ಉಜ್ಜುವುದಕ್ಕೆ.

ಮನೆಯಲ್ಲಿ ಅವಳ ಬಟ್ಟೆ, ಪುಸ್ತಕ, ಒಂದೆರಡು ಫೋಟೋ ಇದ್ದವು. ಆದರೆ ಗಂಡ ಹೆಂಡತಿ ಇಬ್ಬರಿಗೂ ಮಗಳು ಇದ್ದದ್ದು ಆ ಬಂಪರಿನಲ್ಲೇ. ಹೆಂಡತಿ ಅದೇ ಬೀದಿಯ ಸೀಟ್ ಕವರ್ ಅಂಗಡಿಯಲ್ಲಿ ಹೊಲಿಯುತ್ತಿದ್ದಳು, ನಾಲ್ಕು ಬಾಗಿಲು ಆಚೆ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಹಿಂಬದಿಗೆ ಬಂದು, ಬಗ್ಗಿ, ಆ ಗುರುತಿನ ಮೇಲೆ ತನ್ನ ಅಂಗೈ ಮುಚ್ಚಿ ಒಂದು ಗಳಿಗೆ ನಿಂತು ಹೋಗುತ್ತಿದ್ದಳು. ಸಂಜೆ ಮತ್ತೆ ಬರುತ್ತಿದ್ದಳು. ಮೊದಲ ವರ್ಷ ಅಳುತ್ತಿದ್ದಳು. ಆಮೇಲೆ ಅಳು ಹೋಯಿತು, ಅಭ್ಯಾಸ ಉಳಿಯಿತು. ಮೇಸ್ತ್ರಿ ಆಗ ಬೇಕೆಂದೇ ಆಚೆ ಹೋಗಿ ಏನಾದರೂ ಹುಡುಕುವವನ ಹಾಗೆ ಮಾಡುತ್ತಿದ್ದ. ಇಬ್ಬರೂ ಈ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಅದು ಅವರಿಬ್ಬರ ಒಪ್ಪಂದದ ಹಾಗಿತ್ತು.

ಆದರೆ ಮಸಿ ಎಂದಾದರೂ ಮಾಸಲೇಬೇಕಲ್ಲ? ಅದನ್ನು ಮೇಸ್ತ್ರಿಗಿಂತ ಚೆನ್ನಾಗಿ ಬಲ್ಲವರು ಯಾರು? ಮಾಡು ಹಾಕಿಸಿದ್ದ, ಪರದೆ ಕಟ್ಟಿದ್ದ, ಕಾರನ್ನು ತೊಳೆಯುವಾಗ ಆ ಮೂಲೆಗೆ ಒಂದು ಹನಿ ಸೋಪು ತಾಗದಂತೆ ನೋಡಿಕೊಂಡಿದ್ದ. ಏನು ಮಾಡಿದರೂ ಹತ್ತನೆಯ ವರ್ಷದ ಹೊತ್ತಿಗೆ ಬೆರಳುಗಳ ಅಂಚು ಬೂದಿಯೊಳಗೆ ಕರಗತೊಡಗಿತು. ಮೇಲೆ ಹೊಸ ಮಸಿ ಹಚ್ಚಿ ತಿದ್ದುವುದು ಅವನಿಗೆ ಎಷ್ಟು ಹೊತ್ತಿನ ಕೆಲಸ? ಆದರೆ ತಿದ್ದಿದ ಮೇಲೆ ಅದು ಅವಳ ಕೈ ಹೇಗಾದೀತು, ತನ್ನ ಕೈಯಾಗುತ್ತದೆ ಎಂದು ಮುಟ್ಟಿರಲಿಲ್ಲ.

ಒಂದು ಸಂಜೆ ಹೆಂಡತಿ ಬಗ್ಗಿದವಳು ಎದ್ದು, ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಬಾಯಿಬಿಟ್ಟಳು. "ಮಾಸ್ತಾ ಇದೆ ಕಣ್ರೀ."

"ಹ್ಞೂಂ" ಎಂದ ಅವನು.

"ಏನಾದ್ರೂ ಮಾಡ್ರೀ. ಊರಿನೋರದ್ದೆಲ್ಲ ಉಳಿಸಿಕೊಡ್ತೀರ. ಇದೊಂದು ಹೋಗ್ದೇ ಇರೋ ಹಾಗೆ ಮಾಡ್ರೀ. ನಂಗೆ ಇನ್ನೇನೂ ಬೇಡ."

ಅವಳು ಜೀವಮಾನದಲ್ಲಿ ಅವನನ್ನು ಒಂದು ಸೀರೆ ಕೂಡ ಕೇಳಿದವಳಲ್ಲ. ಮೇಸ್ತ್ರಿಗೆ ಆ ಸಂಜೆ ಊಟ ಸೇರಲಿಲ್ಲ.

ದಾರಿಯೊಂದಿತ್ತು. ಬಣ್ಣವೇ ಇಲ್ಲದ, ನೀರಿನ ಹಾಗಿರುವ ಒಂದು ಲೇಪ ಮಾರುಕಟ್ಟೆಗೆ ಬಂದಿತ್ತು. ಹಚ್ಚಿದರೆ ಕೆಳಗಿನದು ಇದ್ದ ಹಾಗೇ ಉಳಿಯುತ್ತದೆ, ಬಿಸಿಲು ನೀರು ಯಾವುದೂ ಒಳಗಿಳಿಯುವುದಿಲ್ಲ ಎಂದು ಮಾರುವವನು ಹೇಳಿದ್ದ. ಮಾರುವವರ ಮಾತು ನಂಬುವ ಆಸಾಮಿ ಇವನಲ್ಲ. ಒಡೆದ ಹಳೆಯ ಬಂಪರುಗಳ ಮೇಲೆ ತನ್ನ ಹಳೆಯ ಅಳತೆಯ ಮಸಿಯನ್ನೇ ಕಲಸಿ ಹಚ್ಚಿ, ಒಣಗಿಸಿ, ಮೇಲೆ ಈ ಲೇಪ ಕೊಟ್ಟು, ಎರಡು ತಿಂಗಳು ಬಿಸಿಲಿಗಿಟ್ಟ. ನೀರು ಸುರಿದ, ಉಜ್ಜಿದ. ಕೆಳಗಿನ ಮಸಿ ಒಂದು ಕೂದಲಷ್ಟೂ ಅಲುಗಲಿಲ್ಲ. ಆಮೇಲೆ ಧೈರ್ಯ ಮಾಡಿದ. ಹೆಂಡತಿಗೆ ಹೇಳಿದ. ಅವಳು ಅವನ ಕೈ ಹಿಡಿದು, "ಜೋಪಾನ" ಎಂದಳು. ಅವತ್ತು ಅವಳ ಅಂಗಡಿಯವರು ಸೀಟಿನ ಅಳತೆ ತೆಗೆಯಲು ಅವಳನ್ನು ಬೇರೊಂದು ಕಡೆ ಕಳಿಸಿದ್ದರು, ಸಂಜೆ ಆರಕ್ಕೆ ಬರುವುದಿತ್ತು. ಒಳ್ಳೆಯದೇ ಆಯಿತು, ಎದುರಿಗೆ ನಿಂತರೆ ಗಮನ ತಪ್ಪುತ್ತದೆ ಎಂದುಕೊಂಡ ಮೇಸ್ತ್ರಿ.

ಬೆಳಿಗ್ಗೆ ಹತ್ತಕ್ಕೆ ಅಂಗಡಿಯ ಬಾಗಿಲು ಅರ್ಧ ಎಳೆದು ಕೂತ. ಗುರುತಿನ ಮೇಲೆ ಕಾಗದ ಮುಚ್ಚಿ, ಸುತ್ತ ಟೇಪು ಹಾಕಿದ. ಲೇಪ ಕಚ್ಚಿಕೊಳ್ಳಬೇಕಾದರೆ ಸುತ್ತಲಿನ ಜಾಗ ಚೊಕ್ಕವಾಗಿರಬೇಕು. ಅದನ್ನು ಬಟ್ಟೆಗೆ ಕ್ಲೀನರ್ ಹಾಕಿ ಒರೆಸಿದ. ಗುರುತನ್ನು ಮಾತ್ರ ಒರೆಸುವ ಹಾಗಿಲ್ಲ, ಮೆತ್ತನೆಯ ಬ್ರಷ್ಷಿನಿಂದ ಧೂಳು ಹಾರಿಸಿ ಹಾಗೇ ಲೇಪ ಕೊಡಬೇಕು. ಇದನ್ನೆಲ್ಲ ಮನಸ್ಸಿನಲ್ಲಿ ನೂರು ಸಲ ಮಾಡಿ ನೋಡಿದ್ದ. ಸುತ್ತಲಿನದು ಮುಗಿಯಿತು. ಕಾಗದ ತೆಗೆದ. ಉಸಿರು ಬಿಗಿಹಿಡಿದು ಬ್ರಷ್ಷಿನಿಂದ ಧೂಳು ಹಾರಿಸಿದ. ಬ್ರಷ್ಷು ಕೆಳಗಿಟ್ಟು, ಸುತ್ತಲಿನದನ್ನು ಒರೆಸಿದ ಬಟ್ಟೆಯನ್ನು ಆಚೆ ಸರಿಸಲೆಂದು ಎತ್ತಿಕೊಂಡ. ಲೇಪದ ಸೀಸೆ ತೆಗೆದುಕೊಳ್ಳಲು ತಿರುಗಬೇಕು, ಆಗ ಬಾಗಿಲ ಕೆಳಗಿನಿಂದ ಲೆಕ್ಕದ ಮೇಷ್ಟ್ರು ನುಸುಳಿ ಬಂದರು.

ಲೆಕ್ಕದ ಮೇಷ್ಟ್ರು ಎಂದರೆ ಅಲ್ಲಿಯ ಶಾಲೆಯಲ್ಲಿ ಪಾಠ ಹೇಳುವವರು, ಹಳೆಯ ಗಿರಾಕಿ, ಒಳ್ಳೆಯ ಮನುಷ್ಯರು. ಆದರೆ ಬಾಯಿಗೆ ಬೀಗವಿಲ್ಲ. ಮೇಸ್ತ್ರಿ ತನ್ನ ಕಾರಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತಿರುವುದನ್ನು ಕಂಡು ಕೈ ತಟ್ಟಿಬಿಟ್ಟರು.

"ಅಬ್ಬಬ್ಬಾ! ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ ಮೇಸ್ತ್ರಿ? ಕೊನೆಗೂ ಸ್ವಂತ ಗಾಡಿಗೆ ಯೋಗ ಬಂತಾ?"

"ಆಮೇಲೆ ಬನ್ನಿ ಮೇಷ್ಟ್ರೇ, ಕೆಲಸದಲ್ಲಿದ್ದೀನಿ."

"ಒಂದೇ ನಿಮಿಷ. ನೀವು ಹೋದ ವರ್ಷ ನಮ್ಮ ಬಂಪರ್ ಕಪ್ಪಗೆ ಮಾಡಿಕೊಟ್ರಲ್ಲ, ಅದರ ಮೇಲೆ ಮೊನ್ನೆ ನಮ್ಮ ಬಾವಮೈದ ಬೂಟ್ ಪಾಲಿಶ್ ಹೊಡೆದ. ಈಗ ಹುಲಿಪಟ್ಟೆ ಥರ ಆಗಿದೆ. ಮೇಲಿಂದ ಇನ್ನೊಂದು ಕೋಟ್ ಹಚ್ಚಿಬಿಟ್ರೆ ಸರಿಹೋಗುತ್ತಾ?"

ಬೂಟ್ ಪಾಲಿಶ್! ಮೇಲಿಂದ ಇನ್ನೊಂದು ಕೋಟ್! ಮೇಸ್ತ್ರಿಯ ಪಿತ್ತ ನೆತ್ತಿಗೇರಿತು. ಇಡೀ ಬೆಳಗ್ಗೆ ಬಿಗಿಹಿಡಿದ ಉಸಿರೆಲ್ಲ ಒಮ್ಮೆಗೇ ಬಾಯಿಗೆ ಬಂತು.

"ಏನು ಮೇಷ್ಟ್ರೇ, ಮಕ್ಕಳಿಗೆ ಪಾಠ ಹೇಳೋರು ನೀವು! ಎಷ್ಟು ಸಲ ಬಡ್ಕೊಂಡಿದ್ದೀನಿ? ಹಚ್ಚೋದು ಕೊನೇ ಕೆಲಸ. ಹಚ್ಚೋದು ಯಾರು ಬೇಕಾದ್ರೂ ಹಚ್ತಾರೆ. ಮೊದ್ಲು ತೊಳೀಬೇಕು. ತೊಳೆದ್ಮೇಲೆ ಒರೆಸ್ಬೇಕು..."

ಮೇಷ್ಟ್ರಿಗೂ ಬಾಯಿಪಾಠ. ನಗುತ್ತ ಜೊತೆಗೂಡಿದರು. "ಸಾಕು ಅನ್ನಿಸಿದಾಗ ಇನ್ನೊಂದ್ಸಲ ಒರೆಸ್ಬೇಕು!"

"ಹ್ಞಾಂ, ಗೊತ್ತಲ್ಲ ಮತ್ತೆ! ಬಟ್ಟೆ ಬೆಳ್ಳಗೆ ಬರೋವರ್ಗೂ ಬಿಡ್ಬಾರ್ದು. ಇಲ್ನೋಡಿ!" ಎಂದು ಮೇಸ್ತ್ರಿ ಬಟ್ಟೆಯನ್ನು ಮಗುಚಿ ಅವರ ಮೂಗಿನ ಹತ್ತಿರ ಹಿಡಿದ.

ಬಟ್ಟೆಯ ಮೇಲೆ ಕಪ್ಪಿತ್ತು.

ಸುತ್ತಲಿನ ಜಾಗ ಒರೆಸಿದಾಗ ಬಂದದ್ದು ಬರೀ ಬೂದಿ. ಇದು ಕಪ್ಪು, ಹಳೆಯ ಮಸಿಯ ಕಪ್ಪು, ಅಂಚಿನಲ್ಲಿ ಸ್ವಲ್ಪ ಕಂದು ತಿರುಗಿದ್ದು. ಅದು ಯಾವುದರ ಬಣ್ಣ ಎಂದು ಅವನಿಗೆ ಆ ಕ್ಷಣವೇ ತಿಳಿಯಿತು. ಆದರೂ ಕತ್ತು ತಿರುಗಿಸಿ ನೋಡಲಾಗಲಿಲ್ಲ. ಮೇಷ್ಟ್ರು ಎಂದಿನಂತೆ, "ಸರಿಯಪ್ಪಾ, ಸೋತೆ, ಗಾಡಿ ನಾಳೆ ಬಿಡ್ತೀನಿ, ನೀವೇ ಒರೆಸಿ" ಎಂದು ನಗುತ್ತ ಹೋದರು. ಅವರಿಗೆ ಏನೂ ಗೊತ್ತಾಗಲಿಲ್ಲ, ಪಾಪ. ಗೊತ್ತಾಗುವ ಹಾಗೂ ಇರಲಿಲ್ಲ.

ಆಮೇಲೆ ನೋಡಿದ. ಎಡಮೂಲೆ ಚೊಕ್ಕವಾಗಿತ್ತು. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಒಂದೇ ಸಮನಾದ ಬೂದಿ. ಕೆಲಸದಲ್ಲಿ ಒಂದು ಕುಂದು ಹುಡುಕುವಂತಿರಲಿಲ್ಲ.

ಮೇಸ್ತ್ರಿ ಬೆರಳಿನಿಂದ ಆ ಜಾಗವನ್ನು ಸವರಿ ನೋಡಿದ. ನೆಲದ ಮೇಲೆ ಕೂತುಬಿಟ್ಟ. "ಅಯ್ಯೋ ಕಂದಾ" ಎಂದ, ಒಂದೇ ಸಲ, ಮೆಲ್ಲಗೆ. ತನ್ನ ಬಲಗೈಯನ್ನು ನೋಡಿದ. ಅದನ್ನು ಕತ್ತರಿಸಿ ಎಸೆಯಬೇಕು ಎನ್ನಿಸುವಷ್ಟು ಸಿಟ್ಟು ಬಂತು. ಹನ್ನೊಂದು ವರ್ಷದ ಹಿಂದೆ ಇದೇ ಕೈ ಅವಳನ್ನು ಎಳೆದಿತ್ತು, ಇದೇ ಕೈ ಉಜ್ಜಿತ್ತು. ಆವತ್ತು ನಾಳೆ ಒರೆಸುತ್ತೇನೆ ಎಂದುಕೊಂಡಿದ್ದನ್ನು ಇವತ್ತು ಒರೆಸಿ ಮುಗಿಸಿತು. ಎಷ್ಟು ಹೊತ್ತು ಹಾಗೆ ಕೂತಿದ್ದನೋ. ಟಿಂಕರ್ ಟೀ ಕುಡಿಯಲು ಕರೆದು ಹೋದ. ಗಡಿಯಾರ ಒಂದೂವರೆ ಎಂದಿತು. ಆರಕ್ಕೆ ಅವಳು ಬರುತ್ತಾಳೆ. ಬಂದು ಬಗ್ಗುತ್ತಾಳೆ, ಅಂಗೈ ಇಡುತ್ತಾಳೆ.

ಇಲ್ಲಿ ಅವನು ಮಾಡಿದ್ದು ತಪ್ಪು. ನಾನೇನೂ ಅದಕ್ಕೆ ಬಣ್ಣ ಕಟ್ಟಲಾರೆ. ಆದರೆ ಆ ಹೊತ್ತಿನಲ್ಲಿ ಅವನ ಜಾಗದಲ್ಲಿ ಕೂತು ನೋಡಿ. ಹೆಂಡತಿ ಜೀವಮಾನದಲ್ಲಿ ಕೇಳಿದ್ದು ಒಂದು. ಅದನ್ನೇ ಕೈಯಾರೆ ಅಳಿಸಿದ್ದೇನೆ ಎಂದು ಯಾವ ಬಾಯಿಂದ ಹೇಳಬೇಕು? ಹೇಳಿದರೆ ಅವಳು ಬದುಕುತ್ತಾಳಾ ಎಂಬ ಹೆದರಿಕೆ ಅವನಿಗೆ. ಎದ್ದ. ಹಳೆಯ ಬೇಸಿನ್ನು ತೆಗೆದ. ಕಪ್ಪು ಪುಡಿ, ಎಣ್ಣೆ, ಸ್ಪಿರಿಟ್ ಬೆರೆಸಿದ. ತೀರ ಸಣ್ಣ ಬ್ರಷ್ಷು, ಚೂರು ಸ್ಪಂಜು ತೆಗೆದುಕೊಂಡು ಬಂಪರಿನ ಮುಂದೆ ಮಂಡಿಯೂರಿದ.

ಆ ಕೈಯ ಒಂದೊಂದು ಗೆರೆಯೂ ಅವನಿಗೆ ಗೊತ್ತಿತ್ತು. ಹೆಂಡತಿ ಇಲ್ಲದಾಗ ಎಷ್ಟು ಮಧ್ಯಾಹ್ನ ಅದರ ಮುಂದೆ ಕೂತಿದ್ದನೋ ಲೆಕ್ಕವಿಲ್ಲ. ಮೊದಲು ಅಂಗೈ, ನಡುವೆ ತಗ್ಗಿದ್ದಲ್ಲಿ ಮಸಿ ತಾಗಿರಲಿಲ್ಲ, ಅಲ್ಲಿ ಬೂದಿ ಬಿಟ್ಟ. ತೋರುಬೆರಳು, ಮಧ್ಯದ್ದು, ಉಂಗುರದ್ದು. ಕಿರುಬೆರಳಿನ ತುದಿಯಷ್ಟೇ. ಹೆಬ್ಬೆರಳನ್ನು ಬರೆದು, ಸ್ಪಂಜಿನಿಂದ ಪಕ್ಕಕ್ಕೆ ಎಳೆದ. ಎಳೆಯುವಾಗ ಕಣ್ಣಿನಲ್ಲಿ ನೀರು ತುಂಬಿ ಏನೂ ಕಾಣದೆ, ಒರೆಸಿಕೊಂಡು ಮತ್ತೆ ಕೂತ. ಒಣಗಿದ ಮೇಲೆ ಬಟ್ಟೆಯ ತುದಿಯಿಂದ ಅಂಚನ್ನು ಮಾಸಲು ಮಾಡಿದ. ಎದ್ದು ದೂರ ನಿಂತು ನೋಡಿದ. ಕಸುಬುಗಾರ, ಹಾಳಾದವನು! ಒಂದು ಗೆರೆಯೂ ತಪ್ಪಿರಲಿಲ್ಲ. ಮೇಲೆ ಲೇಪ ಕೊಟ್ಟ. ಕಪ್ಪಾದ ಬಟ್ಟೆಯನ್ನು ಮಾತ್ರ ಎಸೆಯಲಾಗಲಿಲ್ಲ, ಮಡಚಿ ಅಂಗಿಯ ಒಳಜೇಬಿಗೆ ಹಾಕಿಕೊಂಡ.

ಆರು ಗಂಟೆಗೆ ಅವಳು ಬಂದಳು. ಚೀಲವನ್ನೂ ಇಳಿಸದೆ ನೇರ ಹಿಂಬದಿಗೆ ಹೋದಳು. ಮೇಸ್ತ್ರಿ ಅವತ್ತು ಆಚೆ ಹೋಗಲಿಲ್ಲ, ಗೋಡೆಗೆ ಒರಗಿ ನಿಂತಿದ್ದ. ಅವಳು ಬಗ್ಗಿ ನೋಡಿದಳು. ಕೈ ಇಟ್ಟಳು. ತೆಗೆದು ಮತ್ತೆ ನೋಡಿದಳು. ತಿರುಗಿದಾಗ ಅವಳ ಮುಖ ಅರಳಿತ್ತು. ಎಷ್ಟೋ ವರ್ಷದಿಂದ ಅವನು ಆ ಮುಖ ಕಂಡಿರಲಿಲ್ಲ.

"ರೀ, ಎಷ್ಟು ಚೆನ್ನಾಗಿ ಎದ್ದು ಬಂದಿದೆ! ಬೆರಳಿನ ಅಂಚೆಲ್ಲ ಕಾಣಿಸ್ತಿದೆ. ಇವತ್ತು ಬೆಳಿಗ್ಗೆ ಇಟ್ಟು ಓಡಿಹೋದ ಹಾಗಿದೆ ಕಣ್ರೀ."

"ಲೇಪ ಹಾಕಿದ್ರೆ ಹಾಗೇ... ಎದ್ದು ಕಾಣುತ್ತೆ" ಎಂದ. ಅವನ ದನಿ ಅವನದೇ ಎನ್ನಿಸಲಿಲ್ಲ.

"ದೇವರ ಹಾಗೆ ಉಳಿಸಿಕೊಟ್ರಿ" ಎಂದು ಅವಳು ಅವನ ಎದೆಗೆ ತಲೆ ಇಟ್ಟಳು. ಒಳಜೇಬಿನ ಬಟ್ಟೆ ಅವಳ ಕೆನ್ನೆಯ ಕೆಳಗೇ ಇತ್ತು.

ಅಲ್ಲಿಂದ ಅವಳು ಬೇರೆಯೇ ಹೆಂಗಸಾದಳು. ಮಧ್ಯಾಹ್ನದ ಬುತ್ತಿ ತಂದು ಬಂಪರಿನ ಪಕ್ಕ ಬಣ್ಣದ ಡಬ್ಬ ಮಗುಚಿ ಹಾಕಿಕೊಂಡು ಅಲ್ಲೇ ಕೂತು ಉಣ್ಣತೊಡಗಿದಳು. ಮೊದಲು ಮಾತಿಲ್ಲದೆ ಅಂಗೈ ಇಟ್ಟು ಹೋಗುತ್ತಿದ್ದವಳು ಈಗ ಆ ಗುರುತಿನ ಹತ್ತಿರ ಮಾತಾಡುತ್ತಿದ್ದಳು. "ಇವತ್ತು ಕೆಂಪು ಸೀಟು ಹೊಲಿದೆ ಕಣೇ, ನಿಂಗೆ ಕೆಂಪು ಅಂದ್ರೆ ಆಸೆ ಅಲ್ವಾ." ಮೇಸ್ತ್ರಿ ಗೋಡೆಯ ಈಚೆಯಿಂದ ಕೇಳಿಸಿಕೊಳ್ಳುತ್ತ ಯಾರದೋ ಕಾರಿನ ಕಮಾನು ತಿಕ್ಕುತ್ತಿದ್ದ. ಗಿರಾಕಿಗಳಿಗೆ ಪಾಠ ಹೇಳುವುದು ನಿಂತಿತು. ಯಾರಾದರೂ ಮೇಲಿಂದ ಹಚ್ಚಿ ಎಂದರೆ ಸುಮ್ಮನೆ ಹಚ್ಚಿಕೊಟ್ಟು ಕಳಿಸುತ್ತಿದ್ದ. "ಏನು ಮೇಸ್ತ್ರಿ, ಬೈಗುಳ ಖರ್ಚಾಗಿಹೋಯ್ತಾ?" ಎಂದು ಟಿಂಕರ್ ಕೇಳಿದರೆ ಡಬ್ಬ ಎತ್ತಿಕೊಂಡು ಒಳಗೆ ಹೋದ. ತಟ್ಟೆಯನ್ನು ಅರ್ಧಕ್ಕೇ ಸರಿಸುತ್ತಿದ್ದ, ಸೊಂಟದ ಬೆಲ್ಟಿಗೆ ಇನ್ನೊಂದು ತೂತು ಕೊರೆದುಕೊಂಡ.

ಹನ್ನೆರಡನೆಯ ದಿನ ಹೆಂಡತಿ ತನ್ನ ತಂಗಿಯನ್ನು ಕರೆದುಕೊಂಡು ಬಂದಳು. ಮಗು ಹೋದಾಗ ಆ ತಂಗಿ ಹೆರಿಗೆಯಲ್ಲಿದ್ದಳು, ಬಂದಿರಲಿಲ್ಲ. ಆ ಕೊರಗು ಅಕ್ಕನಿಗೂ ತಂಗಿಗೂ ಇತ್ತು. ಅಕ್ಕ ಅವಳನ್ನು ಬಂಪರಿನ ಮುಂದೆ ಕೂರಿಸಿ ಕೈ ಹಿಡಿದು ತೋರಿಸಿದಳು. "ನೋಡೇ, ಈ ಕಿರುಬೆರಳು. ಅವಳು ಯಾವಾಗ್ಲೂ ಕಿರುಬೆರಳು ಎತ್ತಿಕೊಂಡೇ ಇರ್ತಿದ್ಲು, ಲೋಟ ಹಿಡಿದ್ರೂ ಹಾಗೇ. ಈ ಹೆಬ್ಬೆರಳು ನೋಡು, ಥೇಟ್ ಅವಳದೇ. ಮುಟ್ಟು, ಮುಟ್ಟಿ ನೋಡು, ಏನೂ ಆಗಲ್ಲ, ನಿಮ್ಮ ಭಾವ ಇನ್ನು ಹೋಗ್ದೇ ಇರೋ ಹಾಗೆ ಮಾಡಿದ್ದಾರೆ." ತಂಗಿ ಮುಟ್ಟಿದಳು. ಬಿಕ್ಕಿ ಬಿಕ್ಕಿ ಅತ್ತಳು. ಆ ಬ್ರಷ್ಷಿನ ಗೆರೆಗಳ ಮೇಲೆ ಹಣೆ ಇಟ್ಟು, "ಕ್ಷಮಿಸು ಕಂದಾ, ಬರೋಕಾಗ್ಲಿಲ್ಲ" ಎಂದಳು.

ಮೇಸ್ತ್ರಿಗೆ ಇನ್ನು ತಡೆಯಲಾಗಲಿಲ್ಲ. ತಂಗಿ ಹೋಗುವವರೆಗೆ ಹೇಗೋ ಹಲ್ಲು ಕಚ್ಚಿಕೊಂಡಿದ್ದ. ಅವಳನ್ನು ಬಸ್ಸು ಹತ್ತಿಸಿ ಹೆಂಡತಿ ಹಿಂತಿರುಗಿ ಬಂದಾಗ, ಹಿಂಬದಿಯಲ್ಲಿ ಕಾರಿನ ಪಕ್ಕ ನಿಂತಿದ್ದ. ಒಳಜೇಬಿನಿಂದ ಬಟ್ಟೆ ತೆಗೆದು ಅವಳ ಕೈಗೆ ಕೊಟ್ಟ.

"ಇದೇನ್ರೀ?"

"ಅವಳ ಕೈ ಇದರಲ್ಲಿದೆ ಕಣೇ. ನಾನೇ ಒರೆಸಿಬಿಟ್ಟೆ. ಮೇಷ್ಟ್ರ ಹತ್ರ ಮಾತಾಡ್ತಾ ಮಾತಾಡ್ತಾ... ಗೊತ್ತೇ ಆಗ್ಲಿಲ್ಲ. ಬಂಪರ್ ಮೇಲಿರೋದು ಅವಳದಲ್ಲ. ನಾನು ಬರೆದಿದ್ದು."

ಅವಳು ಬಟ್ಟೆ ಬಿಡಿಸಿದಳು. ಒಂದು ಕಪ್ಪು ಗೀಟು, ಅಷ್ಟೇ. ಬಂಪರನ್ನು ನೋಡಿದಳು, ಮತ್ತೆ ಬಟ್ಟೆ ನೋಡಿದಳು. ಮೇಸ್ತ್ರಿ ತಲೆ ತಗ್ಗಿಸಿ ಕಾಯುತ್ತಿದ್ದ. ಬಯ್ಯಲಿ, ಕೆನ್ನೆಗೆ ಹೊಡೆಯಲಿ, ಬೀದಿ ಸೇರುವಂತೆ ಕೂಗಲಿ ಎಂದೇ ಬೇಡಿಕೊಳ್ಳುತ್ತಿದ್ದ. ಅವಳು ಅದೊಂದೂ ಮಾಡಲಿಲ್ಲ. ಡಬ್ಬದ ಮೇಲೆ ಮೆಲ್ಲಗೆ ಕೂತಳು.

"ಹನ್ನೆರಡು ದಿನ" ಎಂದಳು. "ದಿನಾ ಸವರಿದೀನಿ. ಮಾತಾಡ್ಸಿದೀನಿ. ತಂಗೀನ ಕರ್ಕೊಂಡ್ ಬಂದು ತೋರಿಸ್ದೆ, ಥೇಟ್ ಅವಳದೇ ಅಂತ."

"ಬಿಡೇ, ನಾನು ಪಾಪಿ..."

"ನಿಮ್ಮ ಮಾತು ಇರ್ಲಿ. ನಂಗೆ ಗೊತ್ತಾಗ್ಲಿಲ್ಲವಲ್ರೀ!" ಅವಳ ದನಿ ಒಡೆಯಿತು. "ಹೆತ್ತೋಳು ನಾನು. ಹನ್ನೊಂದು ವರ್ಷ ದಿನಕ್ಕೆರಡು ಸಲ ಮುಟ್ಟಿದ ಕೈ. ಬೇರೆ ಕೈ ಇಟ್ರೆ ಗೊತ್ತಾಗ್ಬೇಕಿತ್ತಲ್ಲ ನಂಗೆ? ಯಾಕೆ ಗೊತ್ತಾಗ್ಲಿಲ್ಲ?"

ಮೇಸ್ತ್ರಿ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತ. ಅವಳು ಬಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ಅತ್ತಳು. ಮೊದಲ ವರ್ಷ ಅತ್ತ ಹಾಗೆಯೇ ಅತ್ತಳು. ಬೀದಿಯಲ್ಲಿ ಅಂಗಡಿಗಳ ಬಾಗಿಲು ಒಂದೊಂದಾಗಿ ಎಳೆಯುವ ಸದ್ದು ಕೇಳುತ್ತಿತ್ತು. ಅಳು ತಗ್ಗಿದ ಮೇಲೆ ಅವಳು ಕಣ್ಣು ಒರೆಸಿಕೊಂಡು, ಬಂಪರಿನ ಕಡೆ ನೋಡದೆ, ಅವನ ತೋಳು ಹಿಡಿದಳು.

"ಹಳೇದು ಹೇಗಿತ್ತು, ಒಂದ್ಸಲ ಹೇಳ್ರೀ. ನಂಗೆ ನೆನಪು ಮಾಡ್ಕೊಳ್ಳೋಕೆ ಹೋದ್ರೆ ಇದೇ ಬರ್ತಾ ಇದೆ. ನಿಮಗೆ ಗೊತ್ತಲ್ಲ, ನೀವು ಹೇಳಿ. ಅದು ಹೇಗಿತ್ತು?"

ಹೇಳಬೇಕೆಂದು ಮೇಸ್ತ್ರಿ ಕಣ್ಣು ಮುಚ್ಚಿದ. ಅಂಗೈ ಕಂಡಿತು, ಬೆರಳುಗಳು ಕಂಡವು, ಎತ್ತಿದ ಕಿರುಬೆರಳು ಕಂಡಿತು. ಎಲ್ಲವೂ ಸ್ಪಷ್ಟವಾಗಿತ್ತು, ಒಂದೊಂದು ಅಂಚೂ ಚೂಪಾಗಿತ್ತು, ಬ್ರಷ್ಷನ್ನು ಎಲ್ಲಿ ಊರಿದ್ದ, ಎಲ್ಲಿ ಎತ್ತಿದ್ದ ಎಂಬುದೂ ಕಾಣುತ್ತಿತ್ತು. ಅದರ ಹಿಂದೆ ಅಂಚು ಕರಗಿದ ಹಳೆಯ ಕೈಗಾಗಿ ಅವನು ಹುಡುಕಿದ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಮತ್ತೂ ಹುಡುಕಿದ. ಹೆಂಡತಿ ಅವನ ತೋಳು ಹಿಡಿದು ಕಾಯುತ್ತಲೇ ಇದ್ದಳು.